ನಾರು ಎಂದರೆ ದಾರವಲ್ಲ

ನಮ್ಮ ಬೀದಿಯ ತಿರುವಿನಲ್ಲಿ ಹೂ ಕಟ್ಟುವ ಅಜ್ಜಿಯೊಬ್ಬರು ಕೂರುತ್ತಾರೆ. ಮಡಿಲಲ್ಲಿ ಮಲ್ಲಿಗೆ, ಪಕ್ಕದಲ್ಲೊಂದು ನೀರಿನ ಡಬ್ಬಿ, ಅದರಲ್ಲಿ ಅದ್ದಿಟ್ಟ ಬಾಳೆನಾರು. ಬಾಳೆಪಟ್ಟೆಯನ್ನು ಒಣಗಿಸಿ, ಉಗುರಿನಲ್ಲಿ ಸೀಳಿ ತೆಗೆದ ನಾರು ಅದು. ಒಣಗಿದ್ದರೆ ಬಿರುಸಾಗಿ ಹೂವಿನ ತೊಟ್ಟನ್ನೇ ಕಡಿಯುತ್ತದೆ, ನೆನೆದರೆ ಮೆತ್ತಗಾಗಿ ಗಂಟಿಗೆ ಒಗ್ಗುತ್ತದೆ. ಕನ್ನಡಿಗರಿಗೆ ನಾರು ಎಂದರೆ ಮೊದಲು ಕಣ್ಣಿಗೆ ಬರುವುದು ಇದೇ: ಉದ್ದವಾದ, ಎಳೆದರೆ ಹರಿಯದ ಎಳೆ.

ವೈದ್ಯರು “ನಾರಿನಂಶ ಜಾಸ್ತಿ ತಿನ್ನಿ” ಎಂದಾಗಲೂ ನಮ್ಮ ಮನಸ್ಸು ಹೋಗುವುದು ಈ ಎಳೆಯ ಕಡೆಗೇ. ಆಹಾರವಿಜ್ಞಾನಕ್ಕೆ ಕನ್ನಡ ಪದ ಹುಡುಕುವಾಗ ಹೂ ಕಟ್ಟುವ ಈ ಪದವನ್ನೇ ತಂದುಕೊಂಡೆವು. ಪದ ಒಂದೇ ಆಯಿತು, ವಸ್ತು ಬೇರೆಯಾಯಿತು. ಬಾಳೆಯ ವಿಷಯದಲ್ಲಿ ನಾನು ಕೇಳುವ ತಪ್ಪು ಮಾತುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಗೊಂದಲದಿಂದ. ಒಂದೊಂದಾಗಿ ನೋಡೋಣ.

“ಬಾಳೆಹಣ್ಣು ಬೆಣ್ಣೆಯ ಹಾಗಿರುತ್ತದೆ, ಅದರಲ್ಲೆಲ್ಲಿ ನಾರು?”

ಹಳೆಯ ಮನೆಗಳಲ್ಲಿ ಕಣಜ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಿದಿರಿನ ದಬ್ಬೆಗಳನ್ನು ಹೆಣೆದು, ಬಿಗಿಯಾಗಿ ಕಟ್ಟಿ, ಸಗಣಿ ಮಣ್ಣು ಮೆತ್ತಿದರೆ ಗೋಡೆ. ಒಳಗೆ ತುಂಬಿದ್ದು ಭತ್ತವೋ ರಾಗಿಯೋ. ಬಾಳೆಯ ತಿರುಳು ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾದ ಇಂಥ ಲಕ್ಷಾಂತರ ಕಣಜಗಳ ರಾಶಿ. ಪ್ರತಿ ಜೀವಕೋಶಕ್ಕೂ ಒಂದು ಗೋಡೆ ಇದೆ. ಅದರಲ್ಲಿ ದಬ್ಬೆಯ ಕೆಲಸ ಮಾಡುವುದು ಸೆಲ್ಯುಲೋಸ್. ದಬ್ಬೆ ದಬ್ಬೆಯನ್ನು ಬಿಗಿದಿಡುವುದು ಹೆಮಿಸೆಲ್ಯುಲೋಸ್. ಸಂದು ತುಂಬುವ, ಪಕ್ಕದ ಕೋಶಕ್ಕೆ ಅಂಟಿಸುವ ಮೆತ್ತು ಪೆಕ್ಟಿನ್. ಮರಗಟ್ಟುವಂತೆ ಮಾಡುವ ಲಿಗ್ನಿನ್ ತಿರುಳಿನಲ್ಲಿ ಬಹಳ ಕಡಿಮೆ. ಕಣಜದೊಳಗಿನ ಕಾಳು ಎಂದರೆ ಪಿಷ್ಟದ ಹರಳುಗಳು.

ಅನ್ನವನ್ನು ಸಕ್ಕರೆಯಾಗಿ ಒಡೆಯುವ ನಮ್ಮ ಕಿಣ್ವಗಳಿಗೆ ಈ ಗೋಡೆಯನ್ನು ಒಡೆಯಲು ಬರುವುದಿಲ್ಲ. ಗೋಡೆ ಗೋಡೆಯಾಗಿಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಆಹಾರದ ನಾರು ಎಂಬ ಮಾತನ್ನು 1953ರಲ್ಲಿ ಹಿಪ್ಸ್ಲಿ ಎಂಬ ವೈದ್ಯರು ಬಳಕೆಗೆ ತಂದರು. 1972ರಲ್ಲಿ ಇನ್ನೊಬ್ಬ ವೈದ್ಯ ಹ್ಯೂ ಟ್ರೋವೆಲ್ ಅದಕ್ಕೆ ಕೊಟ್ಟ ವಿವರಣೆಯಲ್ಲಿ ಎಳೆಯ ಸುದ್ದಿಯೇ ಇಲ್ಲ. ಮನುಷ್ಯನ ಕಿಣ್ವಗಳಿಗೆ ಜಗ್ಗದೆ ಉಳಿಯುವ ಸಸ್ಯಕೋಶದ ಗೋಡೆಯ ಭಾಗ ಎಂಬುದು ಅವರ ಅರ್ಥ. ಹಾಗಾಗಿ ಬೆಣ್ಣೆಯಂಥ ಹಣ್ಣಿನಲ್ಲೂ ನಾರಿದೆ. ಅದು ನಾಲಿಗೆಗೆ ತಗಲುವಷ್ಟು ದಪ್ಪವಿಲ್ಲ, ಅಷ್ಟೇ.

ಎಷ್ಟಿದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಬಾಳೆಹಣ್ಣನ್ನು ನಾರಿನ ಗಣಿ ಎಂದು ನಂಬಿದವರೂ ಇದ್ದಾರೆ. ಮಾಗಿದ ಹಣ್ಣಿನ 100 ಗ್ರಾಂ ತಿರುಳಿನಲ್ಲಿ ಸಾಮಾನ್ಯ ಲೆಕ್ಕದ ಪ್ರಕಾರ ಸಿಗುವುದು 2ರಿಂದ 3 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು ಎನ್ನುತ್ತದೆ. ಅದೇ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ. ಊಟದ ಮೇಲೊಂದು ಬಾಳೆಹಣ್ಣು ಒಳ್ಳೆಯ ಪದ್ಧತಿ. ನಾರಿನ ಲೆಕ್ಕ ತುಂಬಬೇಕಾದದ್ದು ಮಾತ್ರ ಮುದ್ದೆ, ಕಾಳು, ಸೊಪ್ಪಿನಿಂದ.

“ಸಿಪ್ಪೆ ಸುಲಿದಾಗ ಅಂಟಿಕೊಳ್ಳುವ ಎಳೆಗಳೇ ನಾರು, ಅದನ್ನು ಬಿಸಾಡಬಾರದು”

ಆ ಎಳೆಗಳು ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಹಣ್ಣಿಗೆ ಸಾಗಿಸುವ ನಾಳಗಳು. ತಿನ್ನಬಹುದು, ಬಿಡಬಹುದು. ಇಡೀ ಹಣ್ಣಿನ ನಾರಿನಲ್ಲಿ ಅವುಗಳ ಪಾಲು ತೀರಾ ಸಣ್ಣದು. ತಿರುಳಿನ ನಡುವೆ ಸಾಲಾಗಿ ಕಾಣುವ ಕಪ್ಪು ಚುಕ್ಕೆಗಳನ್ನು ಹುಳುವಿನ ಗುರುತು ಎಂದು ಮಕ್ಕಳು ಹೆದರುವುದುಂಟು. ಅವು ಬೀಜವಾಗಬೇಕಿದ್ದು ಬೆಳೆಯದೆ ನಿಂತ ಅಂಡಕಗಳು. ಘಟ್ಟದ ಕಾಡಿನ ಕಲ್ಲುಬಾಳೆಯನ್ನು ಬಿಚ್ಚಿ ನೋಡಿದರೆ ಅವು ಬೆಳೆದು ಹಲ್ಲು ಮುರಿಯುವಷ್ಟು ಗಟ್ಟಿ ಬೀಜಗಳಾಗಿರುವುದು ಕಾಣುತ್ತದೆ.

“ಹಣ್ಣಾಗುತ್ತಾ ಹೋದಂತೆ ನಾರೆಲ್ಲ ಸಕ್ಕರೆಯಾಗಿಬಿಡುತ್ತದೆ”

ಈ ಮಾತಿನಲ್ಲಿ ಅರ್ಧ ನಿಜವಿದೆ. ಆ ಅರ್ಧವನ್ನು ಬಿಡಿಸಿ ತೋರಿಸುವುದು ಮುಖ್ಯ, ಏಕೆಂದರೆ ಇಡೀ ವಿಷಯದ ತಿರುಳು ಇಲ್ಲಿದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಔಷಧಿ ಅಂಗಡಿಯಲ್ಲಿ ಗಾಯಕ್ಕೆ ಹಚ್ಚಲು ಸಿಗುವ ಅಯೋಡಿನ್ ದ್ರಾವಣವನ್ನು ಸ್ವಲ್ಪ ನೀರಿನಲ್ಲಿ ತೆಳು ಮಾಡಿಕೊಳ್ಳಿ. ಒಂದು ಹಸಿರು ಕಾಯಿ, ಒಂದು ದೋರೆಗಾಯಿ, ಒಂದು ಪೂರ್ತಿ ಮಾಗಿದ ಹಣ್ಣು, ಮೂರನ್ನೂ ಅಡ್ಡಡ್ಡವಾಗಿ ಬಿಲ್ಲೆ ಕತ್ತರಿಸಿ ತಟ್ಟೆಯಲ್ಲಿಟ್ಟು ಮೇಲೆ ಹನಿ ಹಾಕಿ. ಕಾಯಿ ನೋಡನೋಡುತ್ತಲೇ ಇಡಿಯಾಗಿ ಕಡುನೀಲಿಗೆ, ಕಪ್ಪಿಗೆ ತಿರುಗುತ್ತದೆ. ದೋರೆಗಾಯಿಯ ನಡುಭಾಗ ತಿಳಿಯಾಗಿ, ಅಂಚು ಮಾತ್ರ ಕಪ್ಪಾಗಿ ಉಳಿಯುತ್ತದೆ. ಪಿಷ್ಟ ಕರಗಲು ತೊಡಗುವುದು ಹಣ್ಣಿನ ನಡುವಿನಿಂದ ಹೊರಕ್ಕೆ ಎಂಬುದು ಹೀಗೆ ಕಣ್ಣಿಗೇ ಕಾಣುತ್ತದೆ. ಮಾಗಿದ ಹಣ್ಣಿನ ಮೇಲೆ ಅಯೋಡಿನ್ನಿನ ಕಂದು ಬಣ್ಣ ಬಿಟ್ಟರೆ ಬೇರೇನೂ ಇಲ್ಲ. (ಪರೀಕ್ಷೆಗೆ ಬಳಸಿದ ಬಿಲ್ಲೆಗಳನ್ನು ಯಾರ ಬಾಯಿಗೂ ಹೋಗದಂತೆ ಎಸೆದುಬಿಡಿ.)

ನೀಲಿಯಾಗಿ ಕಂಡದ್ದು ಕಣಜದೊಳಗಿನ ಕಾಳು, ಗೋಡೆಯಲ್ಲ. ಹಸಿರು ಕಾಯಿಯ ಹಸಿ ತೂಕದಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚು ಪಿಷ್ಟವಿರುತ್ತದೆ. ಎಥಿಲೀನ್ ಅನಿಲ ಹೊಮ್ಮಿ ಹಣ್ಣಾಗಲು ತೊಡಗಿದರೆ ಕೆಲವೇ ದಿನಗಳಲ್ಲಿ ಅದು ಸಕ್ಕರೆಯಾಗುತ್ತದೆ. ಮಾಗಿದ ಪಚ್ಚಬಾಳೆಯಲ್ಲಿ ಉಳಿಯುವುದು ನೂರರಲ್ಲಿ ಒಂದೆರಡು ಪಾಲು. ಗೋಡೆಯ ಕಥೆ ಬೇರೆ. ಹಣ್ಣು ಮೆತ್ತಗಾಗಲು ಗೋಡೆಯಲ್ಲಿ ಪೆಕ್ಟಿನ್ನಿನ ಮೆತ್ತು ಸಡಿಲವಾಗಬೇಕು. ಹಣ್ಣಿನ ಸ್ವಂತ ಕಿಣ್ವಗಳು ಅದನ್ನು ಚೂರುಚೂರಾಗಿ ಕತ್ತರಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತವೆ. ಕರಗಿದ ಪೆಕ್ಟಿನ್ ಕೂಡ ನಾರೇ. ಅದೂ ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ದಬ್ಬೆಗಳಾದ ಸೆಲ್ಯುಲೋಸ್ ಬಹುಪಾಲು ಹಾಗೇ ಉಳಿಯುತ್ತದೆ. ಗೋಡೆಯ ನಾರು ಸಕ್ಕರೆಯಾಗುವುದಿಲ್ಲ, ಸ್ವರೂಪ ಬದಲಿಸುತ್ತದೆ.

ಹಾಗಾದರೆ ಅರ್ಧ ನಿಜ ಯಾವುದು? ಹಸಿ ಬಾಳೆಯ ಪಿಷ್ಟದ ಹರಳು ಎಷ್ಟು ಬಿಗಿಯೆಂದರೆ, ನಮ್ಮ ಕಿಣ್ವಗಳು ಅದರ ಹೊರಮೈಯನ್ನೇ ಕೆರೆಯುತ್ತಾ ಸೋಲುತ್ತವೆ. ಅದೂ ಗೋಡೆಯಂತೆ ದೊಡ್ಡ ಕರುಳು ತಲುಪುತ್ತದೆ. ಇದಕ್ಕೆ ಪ್ರತಿರೋಧಕ ಪಿಷ್ಟ ಎನ್ನುತ್ತಾರೆ. ಹಣ್ಣಾಗುವಾಗ ಸಕ್ಕರೆಯಾಗುವುದು ಇದೇ. ಇಂಗ್ಲೆಂಡಿನಲ್ಲಿ ಹ್ಯಾನ್ಸ್ ಇಂಗ್ಲಿಸ್ಟ್ ಮತ್ತು ಜಾನ್ ಕಮಿಂಗ್ಸ್ ಎಂಬ ಸಂಶೋಧಕರು 1986ರಲ್ಲಿ ಇದನ್ನು ಬಾಳೆಯಲ್ಲೇ ಅಳೆದರು. ದೊಡ್ಡ ಕರುಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲಿನ ಚೀಲಕ್ಕೆ ತೆರೆದಿದ್ದ ಜನ ಆ ಪರೀಕ್ಷೆಗೆ ಒಪ್ಪಿ ಬಾಳೆಹಣ್ಣು ತಿಂದರು. ಸಣ್ಣ ಕರುಳು ಏನನ್ನು ಹೀರಿತು, ಏನನ್ನು ಬಿಟ್ಟಿತು ಎಂಬುದು ಚೀಲದಲ್ಲಿ ನೇರವಾಗಿ ಸಿಕ್ಕಿತು. ಗೋಡೆಯ ನಾರು ಹಾಗೇ ಹೊರಬಂತು. ಜೀರ್ಣವಾಗದೆ ಉಳಿದ ಪಿಷ್ಟ ಮಾತ್ರ ಹಣ್ಣು ಎಷ್ಟು ಮಾಗಿದೆ ಎಂಬುದಕ್ಕೆ ತಕ್ಕಂತೆ ಏರುಪೇರಾಯಿತು. ಬಲಿತೂ ಮಾಗದ ಹಣ್ಣಿನಲ್ಲಿ ಅದು ಗೋಡೆಯ ನಾರಿನ 8 ಪಟ್ಟಿನವರೆಗೂ ಇತ್ತು.

ಅಳತೆಯ ವಿಧಾನವೂ ಇಲ್ಲಿ ಆಟ ಆಡುತ್ತದೆ. ಅಮೆರಿಕದ ಮಾರುಕಟ್ಟೆಯ ಬಾಳೆಗಳನ್ನು ಬೇರೆ ಬೇರೆ ಹದದಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಳೆಯ ವಿಧಾನದಿಂದ ಅಳೆದರೆ ಕಾಯಿಗೂ ಹಣ್ಣಿಗೂ 100 ಗ್ರಾಂಗೆ ಸುಮಾರು 2 ಗ್ರಾಂ ನಾರು ಸಿಕ್ಕಿತು. ಪ್ರತಿರೋಧಕ ಪಿಷ್ಟವನ್ನೂ ಹಿಡಿಯುವ ಹೊಸ ವಿಧಾನದಿಂದ ಅಳೆದಾಗ ಕಾಯಿಗೆ ಸುಮಾರು 18 ಗ್ರಾಂ, ಹಣ್ಣಿಗೆ 4ರಿಂದ 5, ಅತಿಯಾಗಿ ಮಾಗಿದ್ದಕ್ಕೆ ಸುಮಾರು 2 ಬಂತು. ಬಾಳೆಯ ನಾರಿನ ಬಗ್ಗೆ ಎರಡು ಕಡೆ ಎರಡು ಸಂಖ್ಯೆ ಓದಿ ಗಲಿಬಿಲಿಗೊಂಡವರಿಗೆ ಇದೇ ಉತ್ತರ. ಒಬ್ಬರು ಗೋಡೆಯನ್ನಷ್ಟೇ ಲೆಕ್ಕ ಹಾಕಿದ್ದಾರೆ, ಇನ್ನೊಬ್ಬರು ಒಡೆಯಲಾಗದ ಕಾಳನ್ನೂ ಸೇರಿಸಿದ್ದಾರೆ.

“ಏಲಕ್ಕಿಯಲ್ಲಿ ನಾರು ಹೆಚ್ಚು, ಪಚ್ಚಬಾಳೆ ಬರೀ ನೀರು”

ಬೆಂಗಳೂರು, ಮೈಸೂರಿನ ಕಡೆ ಏಲಕ್ಕಿ ಬಾಳೆಗೆ ಇರುವ ಮರ್ಯಾದೆ ಪಚ್ಚಬಾಳೆಗೆ ಇಲ್ಲ. ರುಚಿ, ಪರಿಮಳ, ಇಟ್ಟರೆ ತಾಳುವ ಗುಣ ಇವುಗಳಿಗಾಗಿ ಏಲಕ್ಕಿ ಕೊಳ್ಳುವುದು ಸರಿ, ನಾನೂ ಅದನ್ನೇ ಕೊಳ್ಳುತ್ತೇನೆ. ನಾರಿಗಾಗಿ ಎಂದರೆ ಮಾತ್ರ ಲೆಕ್ಕ ತಾಳೆಯಾಗುವುದಿಲ್ಲ. ತಿಂದು ಮುಗಿಸುವ ಹಣ್ಣಿನ ತಳಿಗಳಲ್ಲಿ, ಒಂದೇ ಹದಕ್ಕೆ ಮಾಗಿದ, ಒಂದೇ ತೂಕದ ತಿರುಳು ತೆಗೆದುಕೊಂಡರೆ ಗೋಡೆಯ ನಾರಿನ ವ್ಯತ್ಯಾಸ ಒಂದು ಗ್ರಾಂ ಆಚೆ ಈಚೆ. ಸಣ್ಣ ಏಲಕ್ಕಿ ಎರಡು ಮೂರು ಸೇರಿದರೆ ಒಂದು ಪಚ್ಚಬಾಳೆಯ ತೂಕ. ಒಂದಕ್ಕೊಂದು ಹೋಲಿಸುವಾಗ ನಾವು ಮರೆಯುವುದು ಇದನ್ನೇ.

ಹಾಗೆಂದು ತಳಿಗೆ ಬೆಲೆಯೇ ಇಲ್ಲವೆಂದಲ್ಲ. ನಾವು ತಿನ್ನುವ ಬಾಳೆಗಳೆಲ್ಲ ಎರಡು ಕಾಡುಬಾಳೆಗಳ ಮಕ್ಕಳು: ಮೂಸಾ ಅಕ್ಯುಮಿನಾಟಾ ಮತ್ತು ಮೂಸಾ ಬಾಲ್ಬಿಸಿಯಾನಾ. ಮೊದಲನೆಯದನ್ನು ‘ಎ’, ಎರಡನೆಯದನ್ನು ‘ಬಿ’ ಎಂದು ಗುರುತಿಸಿ ತಳಿಗಳನ್ನು ವಿಂಗಡಿಸುವ ಕ್ರಮವನ್ನು 1955ರಲ್ಲಿ ಸಿಮ್ಮಂಡ್ಸ್ ಮತ್ತು ಶೆಫರ್ಡ್ ಎಂಬ ವಿಜ್ಞಾನಿಗಳು ರೂಪಿಸಿದರು. ಆ ಲೆಕ್ಕದಲ್ಲಿ ಪಚ್ಚಬಾಳೆಯೂ ಕಮಲಾಪುರದ ಕೆಂಪು ಬಾಳೆಯೂ ಎಎಎ, ಏಲಕ್ಕಿ ಎಬಿ, ನಂಜನಗೂಡು ರಸಬಾಳೆಯೂ ನೇಂದ್ರವೂ ಎಎಬಿ, ಸಾಂಬಾರಿಗೆ ಹಾಕುವ ಬೂದುಬಾಳೆ ಎಬಿಬಿ. ಬಿ ಪಾಲು ಸೇರಿದ ಅಡುಗೆ ಬಾಳೆಗಳಲ್ಲಿ ಪಿಷ್ಟ ಹೆಚ್ಚು, ಅದು ಸಕ್ಕರೆಯಾಗುವುದೂ ನಿಧಾನ. ಅಕ್ಷರ ನೋಡಿಯೇ ಗುಣ ಹೇಳಲು ಬರುವುದಿಲ್ಲ ಎಂಬುದಕ್ಕೆ ರಸಬಾಳೆ ಮತ್ತು ನೇಂದ್ರವೇ ಸಾಕ್ಷಿ. ಎರಡೂ ಎಎಬಿ. ಒಂದು ಬಾಯಲ್ಲಿಟ್ಟರೆ ಕರಗುತ್ತದೆ, ಇನ್ನೊಂದು ಹಳದಿಯಾದ ಮೇಲೂ ಹಿಟ್ಟುಹಿಟ್ಟಾಗಿ ಹಲ್ಲಿಗೆ ಸಿಗುತ್ತದೆ. ಹಳದಿ ನೇಂದ್ರದ ಬಿಲ್ಲೆಗೆ ಅಯೋಡಿನ್ ಹಾಕಿದರೆ ಅದಿನ್ನೂ ನೀಲಿಯಾಗುತ್ತದೆ.

ಗೋಡೆಯ ಗುಣದಲ್ಲಿಯೂ ಇಂಥ ಭೇದವಿದೆ. ಬೇಯಿಸಿದಾಗ ಪಚ್ಚಬಾಳೆಯ ಪೆಕ್ಟಿನ್ ಬೇಗ ಕರಗಿ ಕೋಶ ಕೋಶ ಬೇರ್ಪಡುತ್ತದೆ. ನೇಂದ್ರದಂಥ ತಳಿಗಳ ಪೆಕ್ಟಿನ್ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹಬೆಯಲ್ಲಿ ಬೇಯಿಸಿದ ನೇಂದ್ರದ ಹೋಳು ಹೋಳಾಗಿಯೇ ಉಳಿಯುವುದಕ್ಕೆ, ಹುಳಿಗೆ ಪಚ್ಚಬಾಳೆಯ ಕಾಯಿ ಹಾಕಿದರೆ ಕಲಸಿದಂತಾಗುವುದಕ್ಕೆ ಇದೇ ಕಾರಣ. ಕರಾವಳಿಯ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಯಾವ ಕಾಯಿ ಯಾವುದಕ್ಕೆ ಎಂದು ಅವರಿಗೆ ಕೈಗೇ ಗೊತ್ತು: ನೇಂದ್ರ ಚಿಪ್ಸಿಗೆ, ಕಪ್ಪಾಗಿ ಕಳಿತ ಹಣ್ಣು ಬನ್ಸಿಗೆ.

ರಸಬಾಳೆಯ ವಿಷಯದಲ್ಲಿ ಇನ್ನೊಂದು ತಪ್ಪು ಆಪಾದನೆಯಿದೆ. ಮಾಗಿದ ಹಣ್ಣಿನ ನಡುವೆ ಕೆಲವೊಮ್ಮೆ ಗಟ್ಟಿ ಗಂಟು ಸಿಗುತ್ತದೆ. “ನಾರು ಗಂಟುಕಟ್ಟಿದೆ” ಎಂದೋ “ಕಾರ್ಬೈಡ್ ಹಾಕಿದ್ದಾರೆ” ಎಂದೋ ಜನ ಹಣ್ಣನ್ನು ಎಸೆಯುತ್ತಾರೆ. ರಸಬಾಳೆಯ ಗುಂಪಿನ ತಳಿಗಳಿಗೇ ಇರುವ ದೋಷ ಅದು. ಅಷ್ಟು ಭಾಗದ ಪಿಷ್ಟ ಸಕ್ಕರೆಯಾಗದೆ ನಿಂತಿರುತ್ತದೆ. ಸೊರಗು ರೋಗದಿಂದ ನಂಜನಗೂಡಿನ ಸುತ್ತಮುತ್ತ ಈಗಾಗಲೇ ಅಪರೂಪವಾಗಿರುವ ತಳಿಯನ್ನು ಬೆಳೆಯುವ ರೈತನ ಮೇಲೆ ಇಲ್ಲದ ಅನುಮಾನ ಬೀಳುವುದನ್ನು ಕಂಡರೆ ಸಂಕಟವಾಗುತ್ತದೆ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದು ನಮ್ಮ ದೇಶದಲ್ಲಿ ನಿಷಿದ್ಧ, ಹಾಗೆ ಮಾಡುವವರನ್ನು ಹಿಡಿಯಲೇಬೇಕು. ಒಂದು ಗಂಟು ಅದಕ್ಕೆ ಪುರಾವೆಯಾಗುವುದಿಲ್ಲ.

“ಬಾಳೆಕಾಯಿ ತಿಂದರೆ ಪ್ರತಿರೋಧಕ ಪಿಷ್ಟವೆಲ್ಲ ಸಿಗುತ್ತದೆ”

ಹಸಿಯಾಗಿ ತಿಂದರೆ ಸಿಗುತ್ತದೆ. ಹಸಿ ಕಾಯಿಯನ್ನು ಯಾರು ತಿನ್ನುತ್ತಾರೆ? ಬಾಯೆಲ್ಲ ಒಗರು, ಕೈಯೆಲ್ಲ ಸೊನೆ. ನಾವು ಅದನ್ನು ಪಲ್ಯ ಮಾಡುತ್ತೇವೆ, ಬಜ್ಜಿ ಕರಿಯುತ್ತೇವೆ. ನೀರಿನ ಜೊತೆ ಬಿಸಿಯಾದ ಕೂಡಲೇ ಪಿಷ್ಟದ ಹರಳು ಉಬ್ಬಿ, ಬಿಗಿ ಕಳೆದುಕೊಂಡು, ಕಿಣ್ವಗಳಿಗೆ ಬಾಗಿಲು ತೆರೆದುಕೊಳ್ಳುತ್ತದೆ. ಬೆಂದದ್ದು ತಣ್ಣಗಾದಾಗ ಒಂದಷ್ಟು ಪಾಲು ಮತ್ತೆ ಬಿಗಿಯಾಗುತ್ತದೆ, ಮೊದಲಿನಷ್ಟಲ್ಲ. ಗೋಡೆಯ ನಾರು ಬೇಯಿಸಿದ ಮೇಲೂ ಉಳಿಯುತ್ತದೆ.

2021ರ ಲಾಕ್‌ಡೌನ್ ಸಮಯದಲ್ಲಿ ಬಾಳೆಗೊನೆ ಕೇಳುವವರಿಲ್ಲದೆ ತೋಟದಲ್ಲೇ ಕೊಳೆಯುತ್ತಿದ್ದಾಗ, ಪುತ್ತೂರಿನ ‘ಅಡಿಕೆ ಪತ್ರಿಕೆ’ ಮುಂದೆ ನಿಂತು ಬಾಳೆಕಾಯಿ ಹುಡಿಯ ಆಂದೋಲನ ಶುರುಮಾಡಿತು. ‘ಬಾಕಾಹು’ ಎಂಬ ಮೂರಕ್ಷರದ ಹೆಸರಿನಲ್ಲಿ ಅದು ಕರಾವಳಿ, ಮಲೆನಾಡು, ತುಮಕೂರಿನವರೆಗೆ ಹಬ್ಬಿತು. ಗೃಹಿಣಿಯರು ಕಾಯಿ ಹೆಚ್ಚಿ, ಬಿಸಿಲಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ಪುಡಿಮಾಡಿ ರೊಟ್ಟಿ, ದೋಸೆ, ಚಕ್ಕುಲಿ ಮಾಡಿ ತೋರಿಸಿದರು. ವ್ಯರ್ಥವಾಗುತ್ತಿದ್ದ ಬೆಳೆಗೆ ಬೆಲೆ ಕೊಟ್ಟ ಈ ಕೆಲಸದ ಬಗ್ಗೆ ನನಗೆ ಬಹಳ ಗೌರವ. ಅದರ ಜೊತೆಗೇ ಹಬ್ಬಿದ ಒಂದು ಮಾತನ್ನು ತಿದ್ದಬೇಕು. ಬೇಯಿಸದೆ ಬಿಸಿಲಲ್ಲಿ ಒಣಗಿಸಿದ ಹುಡಿಯಲ್ಲಿ ಪಿಷ್ಟದ ಹರಳು ಗಟ್ಟಿಯಾಗಿಯೇ ಇರುತ್ತದೆ. ಕಾವಲಿಯ ಮೇಲೆ ದೋಸೆಯಾದಾಗ ಅದರಲ್ಲಿ ಬಹುಪಾಲು ಬಿಗಿ ಕಳೆದುಕೊಳ್ಳುತ್ತದೆ. ಪೊಟ್ಟಣದಲ್ಲಿರುವ ಹುಡಿಯ ಗುಣವನ್ನು ತಟ್ಟೆಯಲ್ಲಿರುವ ದೋಸೆಗೆ ಹೇಳಬಾರದು. ಸಕ್ಕರೆ ಕಾಯಿಲೆ ಇರುವವರು ಬಾಕಾಹು ದೋಸೆ ತಿಂದಾಗಲೂ ಅದನ್ನು ಹಿಟ್ಟಿನ ಲೆಕ್ಕಕ್ಕೇ ಸೇರಿಸಿಕೊಳ್ಳಬೇಕು.

“ಬಾಳೆಹಣ್ಣು ಹೊಟ್ಟೆ ಕಟ್ಟುತ್ತದೆ” — “ಅಲ್ಲ, ಬಿಡಿಸುತ್ತದೆ”

ಈ ಜಗಳದಲ್ಲಿ ಇಬ್ಬರೂ ಪೂರ್ತಿ ತಪ್ಪಲ್ಲ, ಯಾವ ಹದದ ಬಾಳೆ ಎಂದು ಹೇಳುವುದನ್ನು ಇಬ್ಬರೂ ಬಿಟ್ಟಿದ್ದಾರೆ. ದೊಡ್ಡ ಕರುಳಿಗೆ ಬಂದ ಪೆಕ್ಟಿನ್ನನ್ನೂ ಪ್ರತಿರೋಧಕ ಪಿಷ್ಟವನ್ನೂ ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಕರುಳಿನ ಗೋಡೆ ಅವನ್ನು ಹೀರುವಾಗ ಜೊತೆಗೆ ಉಪ್ಪನ್ನೂ ನೀರನ್ನೂ ಒಳಗೆಳೆದುಕೊಳ್ಳುತ್ತದೆ. ಭೇದಿಯಾದಾಗ ಬೇಕಾದದ್ದು ಇದೇ. ಢಾಕಾದಲ್ಲಿ ವಾರಗಟ್ಟಲೆ ಭೇದಿಯಿಂದ ನರಳುತ್ತಿದ್ದ ಎಳೆಯ ಮಕ್ಕಳಿಗೆ ಅಕ್ಕಿ ಗಂಜಿಯ ಜೊತೆ ಬೇಯಿಸಿದ ಹಸಿರು ಬಾಳೆಕಾಯಿಯನ್ನೋ ಪೆಕ್ಟಿನ್ನನ್ನೋ ಕೊಟ್ಟು ನೋಡಿದ ಪರೀಕ್ಷೆ 2001ರಲ್ಲಿ ಪ್ರಕಟವಾಯಿತು. ಬರೀ ಗಂಜಿ ಕುಡಿದ ಮಕ್ಕಳಿಗಿಂತ ಅವರು ಬೇಗ ಗುಣಮುಖರಾದರು. ಮನೆಯಲ್ಲಿ ಮಗುವಿಗೆ ಭೇದಿಯಾದಾಗ ಮೊದಲು ಬೇಕಾದದ್ದು ಓಆರ್‌ಎಸ್ ಮತ್ತು ವೈದ್ಯರು; ಬಾಳೆಕಾಯಿ ಆಮೇಲಿನ ಮಾತು. ಮಲಬದ್ಧತೆ ಇರುವವರು ಒಗರು ಹೋಗದ ದೋರೆಗಾಯಿಯನ್ನು ಬಿಟ್ಟು ಚೆನ್ನಾಗಿ ಮಾಗಿದ್ದನ್ನು, ಸಾಕಷ್ಟು ನೀರಿನ ಜೊತೆ ತಿನ್ನುವುದು ಮೇಲು.

“ಮಿಕ್ಸಿಗೆ ಹಾಕಿದರೆ ನಾರು ಸತ್ತುಹೋಗುತ್ತದೆ”

ಮಿಕ್ಸಿಯ ಬ್ಲೇಡು ಕಣಜದ ಗೋಡೆಯನ್ನು ತುಂಡುಮಾಡಬಲ್ಲದು, ಸೆಲ್ಯುಲೋಸನ್ನು ಸಕ್ಕರೆಯಾಗಿ ಬಿಡಿಸಲಾರದು. ಸೋಸದೆ ಕುಡಿದರೆ ನಾರು ಲೋಟದಲ್ಲೇ ಇದೆ. ಜೊತೆಗೆ ಸುರಿದ ಸಕ್ಕರೆಯೂ ಅಲ್ಲೇ ಇದೆ.

“ವರ್ಷಕ್ಕೊಮ್ಮೆ ಬಾಳೆದಿಂಡು ತಿಂದರೆ ಹೊಟ್ಟೆಗೆ ಹೋದ ಕೂದಲು, ಕಲ್ಲು ಕರಗುತ್ತದೆ”

ಕರ್ನಾಟಕದಲ್ಲಿ ಬೆಳೆದ ಯಾರೂ ಈ ಮಾತು ಕೇಳದೆ ದೊಡ್ಡವರಾಗಿಲ್ಲ. ನನಗೆ ಹೇಳಿದ್ದು ನನ್ನಜ್ಜಿ. ಗೊನೆ ಕಡಿದ ದಿನ ಪಟ್ಟೆಗಳನ್ನು ಒಂದೊಂದಾಗಿ ಸುಲಿದು, ಒಳಗಿನ ಬಿಳಿ ದಿಂಡನ್ನು ಮಣೆಯ ಮೇಲೆ ಬಿಲ್ಲೆ ಕತ್ತರಿಸುತ್ತಿದ್ದರು. ಪ್ರತಿ ಬಿಲ್ಲೆ ಬೇರೆಯಾಗುವಾಗ ಎರಡರ ನಡುವೆ ಜೇಡನ ಬಲೆಯಂಥ ಎಳೆ ಹಿಗ್ಗುತ್ತಿತ್ತು. ಅದನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತಾ, ಕತ್ತರಿಸಿದ್ದನ್ನು ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕುತ್ತಾ ಹೋಗುತ್ತಿದ್ದರು. ಕೊನೆಗೆ ಬೆರಳ ಮೇಲೆ ಹತ್ತಿಯ ಬತ್ತಿಯಂಥ ಸುರುಳಿ ಉಳಿಯುತ್ತಿತ್ತು. “ಈ ನಾರೇ ಕೂದಲನ್ನು ಸುತ್ತಿಕೊಂಡು ಹೊರಗೆ ಹಾಕೋದು” ಎನ್ನುತ್ತಿದ್ದರು. ಆದರೆ ಆ ನಾರನ್ನೇ ತೆಗೆದು ಎಸೆಯುತ್ತಾರಲ್ಲ ಎಂಬ ಪ್ರಶ್ನೆ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಆ ಎಳೆ ಬಾಳೆಯ ನೀರಿನ ಕೊಳವೆಗಳದು. ಕೊಳವೆ ಕುಸಿಯದಂತೆ ಒಳಮೈಗೆ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡ ಗಟ್ಟಿ ಪಟ್ಟಿ ಇರುತ್ತದೆ. ಕತ್ತರಿಸಿ ಎಳೆದಾಗ ಸುರುಳಿ ಬಿಚ್ಚಿಕೊಂಡು ಎಳೆಯಾಗುತ್ತದೆ. ಅದನ್ನು ತೆಗೆದರೆ ದಿಂಡಿನ ಪೌಷ್ಟಿಕತೆಗೆ ನಷ್ಟವಿಲ್ಲ, ಕೋಶಗಳ ಗೋಡೆ ಪಲ್ಯದಲ್ಲೇ ಉಳಿದಿರುತ್ತದೆ. ಕೂದಲಿನ ವಿಚಾರ ಹೀಗೆ: ಅದು ಕೆರಾಟಿನ್ ಎಂಬ ಪ್ರೋಟೀನು. ನಮ್ಮ ಕಿಣ್ವಗಳೂ ಅದನ್ನು ಕರಗಿಸಲಾರವು, ಬಾಳೆದಿಂಡೂ ಕರಗಿಸಲಾರದು. ಊಟದಲ್ಲಿ ಸೇರಿಹೋದ ಒಂದೆರಡು ಕೂದಲು ತಾನಾಗಿಯೇ ಹೊರಗೆ ಹೋಗುತ್ತದೆ.

ಕಲ್ಲಿನ ಮಾತು ಇನ್ನೂ ಗಂಭೀರ. ನಾರು ಓಡಾಡುವುದು ಕರುಳಿನಲ್ಲಿ. ಮೂತ್ರಪಿಂಡದ ಕಲ್ಲು ಇರುವ ಜಾಗಕ್ಕೆ ಅದು ಹೋಗುವ ದಾರಿಯೇ ಇಲ್ಲ. ಸಣ್ಣ ಕಲ್ಲುಗಳು ನೀರು ಹೆಚ್ಚು ಕುಡಿದಾಗ ತಾವಾಗಿ ಇಳಿದುಹೋಗುವುದುಂಟು. ಆ ದಿನಗಳಲ್ಲಿ ದಿಂಡಿನ ರಸ ಕುಡಿಯುತ್ತಿದ್ದರೆ ಹೆಸರು ರಸಕ್ಕೆ ಹೋಗುತ್ತದೆ. ನಮ್ಮ ನೆಂಟರೊಬ್ಬರು ಬೆನ್ನಿನ ನೋವನ್ನು ಹಲ್ಲುಕಚ್ಚಿ ತಡೆದುಕೊಂಡು ತಿಂಗಳುಗಟ್ಟಲೆ ದಿಂಡಿನ ರಸವನ್ನೇ ನಂಬಿದ್ದರು. ಕಲ್ಲು ಮೂತ್ರನಾಳದಲ್ಲಿ ಸಿಕ್ಕಿಕೊಂಡು ಜ್ವರ ಬಂದ ರಾತ್ರಿ ಆಸ್ಪತ್ರೆಗೆ ಹೊತ್ತೊಯ್ಯಬೇಕಾಯಿತು. ಮೂತ್ರಪಿಂಡ ದುರ್ಬಲವಾಗಿರುವವರಿಗಂತೂ ದಿಂಡಿನ ರಸದಲ್ಲಿರುವ ಪೊಟ್ಯಾಸಿಯಂ ಅಪಾಯವನ್ನೇ ತರಬಹುದು. ಅಂಥವರು ವೈದ್ಯರನ್ನು ಕೇಳದೆ ಒಂದು ಲೋಟವನ್ನೂ ಮುಟ್ಟಬಾರದು.

ಉಳಿದವರು ದಿಂಡನ್ನು ವರ್ಷಕ್ಕೊಮ್ಮೆ ಏಕೆ, ಗೊನೆ ಕಡಿದಾಗೆಲ್ಲ ತಿನ್ನಲಿ. ಕಡಲೆಬೇಳೆ ನೆನೆಸಿ, ಸಾಸಿವೆ ಸಿಡಿಸಿ, ಕಾಯಿತುರಿ ಹಾಕಿದ ಪಲ್ಯಕ್ಕೆ ಬೇರೆ ಕಾರಣ ಬೇಡ. ಬಾಳೆಕಾಯಿಯ ಸಿಪ್ಪೆಯನ್ನೂ ನಮ್ಮ ಕಡೆ ಚಟ್ನಿ ಮಾಡುತ್ತಾರೆ. ತಿರುಳಿಗೆ ಹೋಲಿಸಿದರೆ ಗೋಡೆಯ ಪಾಲು ಸಿಪ್ಪೆಯಲ್ಲೇ ಹೆಚ್ಚು. ಬೇರೆ ಬೇರೆ ತಳಿಗಳ ಸಿಪ್ಪೆಯನ್ನು ಒಣಗಿಸಿ ಅಳೆದಾಗ ನೂರರಲ್ಲಿ 10ರಿಂದ 21 ಪಾಲು ಪೆಕ್ಟಿನ್, 6ರಿಂದ 12 ಪಾಲು ಲಿಗ್ನಿನ್ ಸಿಕ್ಕಿದ್ದುಂಟು. ಅಡುಗೆ ಬಾಳೆಯ ಸಿಪ್ಪೆಯಲ್ಲಿ ಲಿಗ್ನಿನ್ ಹೆಚ್ಚು, ಹಣ್ಣಿನ ಬಾಳೆಯದರಲ್ಲಿ ಪೆಕ್ಟಿನ್ ಹೆಚ್ಚು. ಮದ್ದು ಹೊಡೆಯದ ತೋಟದ ಎಳೆಯ ಕಾಯಿ ಸಿಕ್ಕಿದರೆ ಚೆನ್ನಾಗಿ ತೊಳೆದು, ಸಣ್ಣಗೆ ಹೆಚ್ಚಿ, ಹುಣಸೆಹುಳಿಯ ಜೊತೆ ಬೇಯಿಸಿ ರುಬ್ಬಬೇಕು. ಹುಳಿ ಹಾಕಿದರೆ ಒಗರು ಇಳಿಯುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು. ಅದನ್ನು ನಾನು ಮಾಡಿ ನೋಡಿದ್ದೇನೆ, ನಿಜ.